ಎತ್ತರ ಹೆಚ್ಚಿದಷ್ಟೂ ಲಾಭವೇ?

ವಿಮಾನ ಮೇಲೆ ಹೋದಷ್ಟೂ ಇಂಧನ ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಡಿಸ್ಪ್ಯಾಚರ್ ಕುರ್ಚಿಯಲ್ಲಿ ಕೂತು ಫ್ಲೈಟ್ ಪ್ಲಾನ್ ಹಾಕುತ್ತ ಹಾಕುತ್ತ ಉಳಿದರ್ಧ ನನಗೆ ತಿಳಿಯಿತು. ಮೇಲೆ ಗಾಳಿ ತೆಳು, ತಡೆ ಕಡಿಮೆ, ನಿಜ. ಆದರೆ ಅದೇ ತೆಳು ಗಾಳಿಯಲ್ಲಿ ರೆಕ್ಕೆಗಳು ಇಡೀ ಭಾರ ಹೊರಬೇಕಲ್ಲ!

ಹಾಗಾಗಿ ಮೊದಲು ತೂಕದ ಲೆಕ್ಕ. ಬೋಯಿಂಗ್ 777-300ಇಆರ್ ನೆಲ ಬಿಡುವಾಗ ಹೆಚ್ಚೆಂದರೆ 351 ಟನ್ ತೂಗಬಹುದು. ಅಷ್ಟು ಭಾರಕ್ಕೆ 30 ಸಾವಿರ ಅಡಿಯ ಆಸುಪಾಸೇ ಹಿತ. ಗಂಟೆಗೆ ಏಳೆಂಟು ಟನ್ ಸುಟ್ಟು ಹಗುರಾದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ ಮೆಟ್ಟಿಲೂ ನಮ್ಮಿಷ್ಟದ್ದಲ್ಲ. ಪೂರ್ವಕ್ಕೆ ಹೋಗುವವರಿಗೆ 31, 33, 35. ಪಶ್ಚಿಮಕ್ಕೆ 30, 32, 34. ಲೆಕ್ಕದಲ್ಲಿ 33 ಬಂದರೂ ಲಂಡನ್ನಿಗೆ ಹೊರಟವರು 32ಕ್ಕೋ 34ಕ್ಕೋ ಒಪ್ಪಿಕೊಳ್ಳಬೇಕು.

ಆಮೇಲೆ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಜೆಟ್ ಸ್ಟ್ರೀಮ್ ಬೀಸುತ್ತದೆ. ನೂರು ನಾಟ್ ದಾಟುವುದು ಮಾಮೂಲು. ಅಂಥದೊಂದು ರಾತ್ರಿ ದೆಹಲಿಯಿಂದ ಯುರೋಪಿಗೆ ಹೊರಟಿದ್ದ ಕ್ಯಾಪ್ಟನ್ ಪ್ಲಾನ್ ನೋಡಿ ಫೋನಿನಲ್ಲೇ ಗುಡುಗಿದರು.

"ಏನ್ರೀ ಇದು, ಇಷ್ಟು ಕೆಳಗೆ ಹಾಕಿದ್ದೀರಿ?"

"ಸಾರ್, 34ರಲ್ಲಿ ಎದುರುಗಾಳಿ 110 ನಾಟ್ ಇದೆ. 30ರಲ್ಲಿ 70."

ಒಂದು ಕ್ಷಣ ಸುಮ್ಮನಿದ್ದು, "ಸರಿ, ಹಾಗೇ ಇರಲಿ" ಅಂದರು. ತಕ್ಕ ಎತ್ತರಕ್ಕಿಂತ ನಾಲ್ಕು ಸಾವಿರ ಅಡಿ ಕೆಳಗೆ ಹಾರಿದರೆ ಇಂಧನ ಶೇಕಡಾ ನಾಲ್ಕೈದು ಹೆಚ್ಚು ಬೇಕು. ಎದುರುಗಾಳಿ 40 ನಾಟ್ ತಗ್ಗಿದರೆ ಅದರ ದುಪ್ಪಟ್ಟು ಉಳಿಯುತ್ತದೆ. ಪೈಲಟ್‌ಗಳಿಗೆ ಎತ್ತರದ ಮೇಲೆ ಕೊಂಚ ವ್ಯಾಮೋಹ; ನನಗೆ ಗಾಳಿಯ ಚಾರ್ಟ್ ಮೇಲೆ.

ಇಷ್ಟೆಲ್ಲ ಮಾಡಿಯೂ ಕೇಳಿದ ಎತ್ತರ ಸಿಗುತ್ತದೆಂಬ ಖಾತ್ರಿಯಿಲ್ಲ. ಅಫ್ಘಾನಿಸ್ತಾನದ ಮೇಲೆ ಎಲ್ಲರೂ ಹಾರುತ್ತಿದ್ದ ಕಾಲದಲ್ಲಿ, ಏಷ್ಯಾದಿಂದ ಯುರೋಪಿಗೆ ಹೋಗುವ ವಿಮಾನಗಳೆಲ್ಲ ರಾತ್ರಿ ಒಂದೇ ಹೊತ್ತಿಗೆ ಅಲ್ಲಿ ಮುಗಿಬೀಳುತ್ತಿದ್ದವು. 2007ರಿಂದ ಸಮಯ, ಎತ್ತರ ಎರಡನ್ನೂ ಬ್ಯಾಂಕಾಕ್‌ನಿಂದ ಹಂಚುತ್ತಿದ್ದರು. ಬಯಸಿದ್ದು ಸಿಗದೆ ಕೆಳಗೇ ದಾಟಿದ ರಾತ್ರಿಗಳಿದ್ದವು. ಅಂದಿನಿಂದ ದೂರದ ಹಾರಾಟಕ್ಕೆ ಇಂಧನವನ್ನು ಒಂದು ಮೆಟ್ಟಿಲು ಕೆಳಗಿನ ಎತ್ತರಕ್ಕೂ ಸಾಲುವಂತೆ ನೋಡಿಕೊಳ್ಳುತ್ತೇನೆ.

ಬೆಂಗಳೂರು–ಚೆನ್ನೈಯಂಥ ಗಿಡ್ಡ ಹಾರಾಟಕ್ಕೆ ಈ ತಲೆನೋವೇ ಇಲ್ಲ. 37 ಸಾವಿರಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ದಯವಿಟ್ಟು, ಕಂಪ್ಯೂಟರ್ ಕೊಟ್ಟ ಎತ್ತರಕ್ಕೆ ಸಹಿ ಹಾಕುವ ಮೊದಲು ಅದರ ಮೇಲಿನ, ಕೆಳಗಿನ ಲೆವೆಲ್‌ಗಳ ಗಾಳಿಯನ್ನೂ ಓದಿ. ಕೊನೇ ಗಳಿಗೆಯಲ್ಲಿ ಕಾರ್ಗೋ ಹೆಚ್ಚಿದರೆ ಪ್ಲಾನನ್ನು ಮತ್ತೊಮ್ಮೆ ಹಾಕಿ.