ಜ್ವರ ‘ಬಿಟ್ಟಿತು’ ಅಂದರೆ

ಪ್ರೀತಿಯ ಮಗಳೇ,

ನಿನ್ನೆ ಕಡಿಯಾಳಿ ದೇವಸ್ಥಾನದಿಂದ ಬರುವಾಗ ನೀನು ತೋರಿಸಿದ ನೋಟ್‌ಬುಕ್ ಇನ್ನೂ ಕಣ್ಣ ಮುಂದಿದೆ. ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿಗೆಂದು ಎರಡು ಸಾಲು ಮಾಡಿದ್ದೀ. ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಪೋಸ್ಟ್‌ಪೋನ್’. ಎಡಕ್ಕೆ ‘ಥ್ರೋ ಅಪ್’, ಬಲಕ್ಕೆ ‘ವಾಮಿಟ್’. ಎಡಗಡೆಯದ್ದಕ್ಕೆಲ್ಲ ಕೆಂಪು ಗೀಟು ಎಳೆದಿದ್ದೀ. ಅದು ಓದದವರ ಇಂಗ್ಲಿಷ್ ಎಂದು ಯಾರೋ ಹೇಳಿದರಂತೆ. ಆ ಗೀಟು ನೋಡಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಿನ್ನ ಹಾಗೆ ಹೊರದೇಶಕ್ಕೆ ಹೊರಟ ನಮ್ಮೂರಿನ ಬೇರೆ ಮಕ್ಕಳೂ ಓದಲಿ ಎಂದು ಇದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ನರ್ಸ್ ಆಗಿ ಹೊರದೇಶದ ವಾರ್ಡಿಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಆಪರೇಷನ್ ಆಗಿ ಎರಡನೇ ದಿನದ ಒಬ್ಬರು ಅಜ್ಜ. ರಾತ್ರಿ ಪಾಳಿಯಲ್ಲಿ ಹೋಗಿ ನೋವು ಹೇಗಿದೆ ಎಂದು ಕೇಳಿದೆ. ‘ಇಂಜೆಕ್ಷನ್ ಹ್ಯಾಸ್ ವೋರ್ನ್ ಆಫ್’ ಅಂದರು. ನನಗೆ ಗೊತ್ತಿದ್ದದ್ದು ‘ಸಬ್‌ಸೈಡ್’, ‘ಡಿಮಿನಿಷ್’. ‘ಆಫ್’ ಎಂಬುದಷ್ಟೇ ಕಿವಿಗೆ ಬಿತ್ತು, ದೀಪ ಆಫ್ ಆದ ಹಾಗೆ ನೋವು ಹೋಯಿತು ಎಂದುಕೊಂಡೆ. ಚಾರ್ಟಿನಲ್ಲಿ ನೋವು ಕಡಿಮೆ ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಅವರು ಹೇಳಿದ್ದು ಮದ್ದಿನ ಪ್ರಭಾವ ಇಳಿದುಹೋಯಿತು ಎಂದು. ಒಂದು ಗಂಟೆ ಬಿಟ್ಟು ಬಂದಾಗ ಅವರು ಹಾಸಿಗೆಯ ಬದಿಯ ಕಬ್ಬಿಣವನ್ನು ಹಿಡಿದುಕೊಂಡಿದ್ದರು, ಬೆರಳ ಗೆಣ್ಣು ಬೆಳ್ಳಗಾಗಿತ್ತು. ಆ ಕೈ ನನಗೆ ಇವತ್ತಿಗೂ ಕಾಣುತ್ತದೆ.

ಮಗೂ, ನೋವಿನಲ್ಲಿರುವವರು ಯಾರೂ ಬಲಗಡೆಯ ಸಾಲಿನಲ್ಲಿ ಮಾತಾಡುವುದಿಲ್ಲ. ನಿನ್ನ ಅಜ್ಜಿ ‘ಪ್ರಜ್ಞಾಹೀನಳಾದೆ’ ಅನ್ನುತ್ತಾರೆಯೇ? ‘ಬವಳಿ ಬಂತು’ ಅನ್ನುತ್ತಾರೆ. ‘ಜ್ವರ ಬಿಟ್ಟಿತು’ ಅನ್ನುತ್ತೇವೆ. ಕನ್ನಡ ಹೊಸದಾಗಿ ಕಲಿತವನು ಜ್ವರ ಏನನ್ನು ಬಿಟ್ಟಿತು ಎಂದು ಕೇಳಿಯಾನು. ಕೈಕೊಡು, ಕೈಬಿಡು, ಕೈಹಿಡಿ ಎನ್ನುವಾಗ ನಮ್ಮಲ್ಲಿ ಕೈ ಅದೇ ಇದ್ದು ಕ್ರಿಯಾಪದ ಬದಲಾಗುತ್ತದೆ. ಅವರಲ್ಲಿ ‘ಪುಟ್’ ಅದೇ ಇದ್ದು ಬಾಲ ಬದಲಾಗುತ್ತದೆ. ಪುಟ್ ಆಫ್ ಅಂದರೆ ಮುಂದೂಡು, ಪುಟ್ ಔಟ್ ಅಂದರೆ ನಂದಿಸು, ಪುಟ್ ಅಪ್ ವಿತ್ ಅಂದರೆ ತಾಳಿಕೊ. ಬಿಡಿಸಿ ಅರ್ಥ ಹುಡುಕಿದರೆ ಎರಡೂ ಕಡೆ ಸಿಗುವುದಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಕ್ಕೆ ಫ್ರೆಂಚ್ ಬಂತು, ಓದುಬರಹಕ್ಕೆ ಲ್ಯಾಟಿನ್ ಇದ್ದೇ ಇತ್ತು. ಅಡುಗೆಮನೆ, ಹೊಲ, ಹಾಸಿಗೆಯ ಮಾತು ಹಳೆಯದೇ ಉಳಿಯಿತು. ನಿನ್ನ ಎಡಗಡೆಯ ಸಾಲು ಆ ಮನೆಮಾತಿನದು, ಬಲಗಡೆಯದ್ದು ಓದುಬರಹದ್ದು; ನಮ್ಮಲ್ಲಿ ‘ತಾಳು’ ಮನೆಯಲ್ಲಿ, ‘ಸಹಿಸು’ ಪುಸ್ತಕದಲ್ಲಿ ಎಂಬ ಹಾಗೆ.

ಎಲ್ಲಿ ಯಾವ ಸಾಲಿನ ಮಾತು ಎಂಬುದನ್ನೇ ನಿನ್ನ ಪರೀಕ್ಷೆಯೂ ನೋಡುತ್ತದೆ. ಬರವಣಿಗೆಯಲ್ಲಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ 180ರಿಂದ 200 ಪದಗಳ ಪತ್ರ. ಅಲ್ಲಿ ‘ವಾಮಿಟೆಡ್’ ಎಂದೇ ಬರೆ. ಮಾತಿನ ಭಾಗದಲ್ಲಿ ನಿನ್ನೆದುರು ರೋಗಿಯ ಪಾತ್ರದವರು. ಅಲ್ಲಿ ‘ಥ್ರೋ ಅಪ್’ ಕಿವಿಗೆ ಬಿದ್ದರೆ ತಡವರಿಸಬಾರದು. ಹಾಗೆಂದು ಪತ್ರದಲ್ಲಿ ಇಂಥ ಬಾಲವಿರುವ ಜೋಡುಪದ ಕಂಡಲ್ಲೆಲ್ಲ ಹೊಡೆದುಹಾಕಬೇಡ. ‘ರೂಲ್ ಔಟ್’, ‘ಫಾಲೋ ಅಪ್’ ಇಲ್ಲದೆ ಮಣಿಪಾಲದ ಡಾಕ್ಟರೂ ಬರೆಯುವುದಿಲ್ಲ, ಲಂಡನ್ನಿನ ಡಾಕ್ಟರೂ ಬರೆಯುವುದಿಲ್ಲ. ಇನ್ನೊಂದು, ಬಯೋಡೇಟಾದಲ್ಲಿ ‘ಪಾಸ್ಡ್ ಔಟ್’ ಎಂದು ಬರೆದದ್ದನ್ನು ತೆಗೆ. ನಮ್ಮಲ್ಲಿ ಅದು ಕೋರ್ಸ್ ಮುಗಿಸಿದ್ದು, ಅಲ್ಲಿಯವರ ಮಾತಿನಲ್ಲಿ ಬವಳಿ ಬಂದು ಬಿದ್ದದ್ದು. ‘ಗ್ರಾಜುಯೇಟೆಡ್’ ಸಾಕು.

ಭಾನುವಾರ ಬೆಳಿಗ್ಗೆ ಮನೆಗೆ ಬಾ. ನಾನು ರೋಗಿ, ನೀನು ನರ್ಸ್. ಪರೀಕ್ಷೆಯಲ್ಲಿ ಕೊಡುವ ಹಾಗೆಯೇ ಪಾತ್ರದ ಚೀಟಿ ಓದಲು ಮೂರು ನಿಮಿಷ ಕೊಡುತ್ತೇನೆ. ಕೆಂಪು ಪೆನ್ನು ಮನೆಯಲ್ಲೇ ಇಟ್ಟು ಬಾ.

ನಿನ್ನ ದೊಡ್ಡಮ್ಮ