ಬರವಣಿಗೆಗೆ ಬಿಡುವು



ಈ ಶಾಲೆಯಲ್ಲಿ ಕಲಿತು ಹೋದ ಒಬ್ಬಾಕೆಯು ಕಳೆದ ಮಳೆಗಾಲದಲ್ಲಿ ನನಗೊಂದು ಕಾಗದವನ್ನು ಬರೆದಳು. ಇಲ್ಲಿದ್ದಾಗ ಆಕೆಯು ಅಂದವಾದ ಕತೆಗಳನ್ನು ಬರೆಯುತ್ತಿದ್ದಳು. ಈಗಲಾದರೋ ಆಕೆಯು ಉಪಾಧ್ಯಾಯಿನಿ, ಇಬ್ಬರು ಮಕ್ಕಳ ತಾಯಿ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರೂ ಇದ್ದಾರೆ. "ಅಮ್ಮನವರೇ, ಬರೆಯುವ ಆಶೆಯು ಸತ್ತಿಲ್ಲ. ಬಿಡುವು ದೊರೆತ ಮೇಲೆ ಬರೆಯೋಣವೆಂದು ಎಂಟು ವರುಷಗಳಿಂದ ಕಾದಿದ್ದೇನೆ" ಎಂದಿದ್ದಳು. ಆಕೆಗೆ ಬರೆದ ಉತ್ತರವು ನಿಮ್ಮಲ್ಲಿ ಕೆಲವರಿಗಾದರೂ ಮುಂದೆ ಬೇಕಾದೀತೆಂದು ಇಲ್ಲಿ ಅದನ್ನೇ ವಿಸ್ತರಿಸುತ್ತೇನೆ.

ಇಂಗ್ಲೆಂಡಿನಲ್ಲಿ ಫ್ರಾನ್ಸೆಸ್ ಟ್ರಾಲಪ್ ಎಂಬ ಗೃಹಿಣಿಯಿದ್ದಳು. ಗಂಡನ ವ್ಯವಸಾಯವು ಕೈಗೂಡದೆ ಮನೆಯು ಸಾಲದಲ್ಲಿ ಮುಳುಗಲು, ಆಕೆಯು 1827ರಲ್ಲಿ ಮಕ್ಕಳಲ್ಲಿ ಕೆಲವರನ್ನು ಕರೆದುಕೊಂಡು ಅಮೇರಿಕಕ್ಕೆ ಹೋಗಿ, ಸಿನ್ಸಿನಾಟಿ ಪಟ್ಟಣದಲ್ಲಿ ದೊಡ್ಡದೊಂದು ವ್ಯಾಪಾರವನ್ನು ತೊಡಗಿದಳು. ಅದೂ ಮುರಿದುಬಿತ್ತು. ಬರಿಗೈಯಲ್ಲಿ ಹಿಂದಿರುಗಿ, ಆ ದೇಶದವರ ನಡೆನುಡಿಗಳ ವಿಷಯವಾಗಿ ಒಂದು ಪುಸ್ತಕವನ್ನು ಬರೆದಳು. 1832ರಲ್ಲಿ ಅದು ಅಚ್ಚಾದಾಗ ಆಕೆಗೆ ಐವತ್ತು ದಾಟಿತ್ತು. ಪುಸ್ತಕಕ್ಕೆ ಹೆಸರು ಬಂತು. ಆದರೂ ಸಾಲವು ತೀರಲಿಲ್ಲ. 1834ರಲ್ಲಿ ಕುಟುಂಬವು ಸಾಲಗಾರರ ಕಾಟಕ್ಕೆ ಬೆಲ್ಜಿಯಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. ಅಲ್ಲಿ ಒಬ್ಬ ಮಗನು ಕ್ಷಯರೋಗದಿಂದ ಆ ವರುಷವೇ ತೀರಿಹೋದನು. ಮರುವರುಷ ಗಂಡನೂ ತೀರಿಕೊಂಡನು. ರೋಗಿಗಳ ಶುಶ್ರೂಷೆಯ ನಡುವೆಯೇ ಆಕೆಯ ಕಾದಂಬರಿಗಳು ಬೆಳೆದವು. ಮನೆಯ ಅನ್ನವು ಅವುಗಳಿಂದಲೇ ಬರಬೇಕಾಗಿತ್ತು. ಔಷಧದ ಶೀಶೆಗಳೂ ಮಸಿಯ ಕುಡಿಕೆಯೂ ಆ ಕೋಣೆಗಳಲ್ಲಿ ಸರಿಸಮಾನವಾದ ಸ್ಥಾನವನ್ನು ಪಡೆದಿದ್ದುವೆಂದು ಆಕೆಯ ಮಗನಾದ ಆಂಥನಿಯು ತನ್ನ ಆತ್ಮಚರಿತ್ರೆಯಲ್ಲಿ ಹೇಳುತ್ತಾನೆ. ಬೆಳಗಿನ ನಾಲ್ಕು ಗಂಟೆಗೇ ಆಕೆಯು ಮೇಜಿನ ಮುಂದೆ ಕುಳಿತಿರುತ್ತಿದ್ದಳಂತೆ. ಎಪ್ಪತ್ತಾರನೆಯ ವಯಸ್ಸಿನ ತನಕ ಬರೆದು, ಒಟ್ಟು 114 ಸಂಪುಟಗಳನ್ನು ಮುಗಿಸಿದಳು. ಅವುಗಳಲ್ಲಿ ಹೆಚ್ಚಿನವನ್ನು ಈಗ ಯಾರೂ ಓದುವುದಿಲ್ಲವೆಂಬುದನ್ನೂ ಮರೆಮಾಚಲಾರೆ.

ಆಂಥನಿಯು ಅಂಚೆ ಇಲಾಖೆಯ ನೌಕರನು. ಅವನು ಮುಂಜಾನೆ ಐದೂವರೆ ಗಂಟೆಗೆ ಕುಳಿತು, ಮೊದಲ ಅರ್ಧ ಗಂಟೆ ನಿನ್ನೆ ಬರೆದದ್ದನ್ನು ಓದಿ, ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಮಾತುಗಳಂತೆ ಬರೆಯುತ್ತಿದ್ದನು. ರೈಲಿನಲ್ಲಿ ತೊಡೆಯ ಮೇಲೆ ಹಲಗೆಯನ್ನಿಟ್ಟು ಸೀಸದ ಕಡ್ಡಿಯಿಂದ ಬರೆದದ್ದೂ ಉಂಟು. ಅದನ್ನು ಹೆಂಡತಿಯು ಶುದ್ಧಪ್ರತಿ ಮಾಡುತ್ತಿದ್ದಳು. ಹೀಗೆ 47 ಕಾದಂಬರಿಗಳಾದವು. 1883ರಲ್ಲಿ, ಅವನು ಸತ್ತ ಮರುವರುಷ, ಆತ್ಮಚರಿತ್ರೆಯು ಪ್ರಕಟವಾದಾಗ, ಇದೇನು ಚಮ್ಮಾರನ ಕೆಲಸವೋ ಎಂದು ಹಲವರು ಮೂಗು ಮುರಿದರು. ಆ ಹೋಲಿಕೆಯನ್ನು ಅವನು ತಾನೇ ಮಾಡಿಕೊಂಡಿದ್ದನು, ನಾಚಲಿಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಅವನನ್ನು ಎಬ್ಬಿಸಿ ಕಾಫಿಯನ್ನು ತಂದುಕೊಡುವುದಕ್ಕೆ ಒಬ್ಬ ಆಳಿದ್ದನು. ಅದಕ್ಕಾಗಿ ಅವನಿಗೆ ವರುಷಕ್ಕೆ ಐದು ಪೌಂಡು ಹೆಚ್ಚು ಸಂಬಳ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಕಾಫಿ ಕಾಸುವವಳು ಯಾರು? ಬರೆಯಬೇಕಾದವಳೇ! ಆದಕಾರಣ ರಾತ್ರಿ ಹನ್ನೊಂದಕ್ಕೆ ಮಲಗುವವಳಿಗೆ ನಾಲ್ಕಕ್ಕೆ ಏಳೆಂದು ನಾನು ಹೇಳುವುದಿಲ್ಲ. ಮನೆಯವರೊಡನೆ ಬಾಯಿಬಿಟ್ಟು ಕೇಳು, ದಿನಕ್ಕೆ ಅರ್ಧ ಗಂಟೆ ನನ್ನದಾಗಿರಲಿ ಎನ್ನು ಎಂದು ಬರೆದೆನು. ನಮ್ಮ ಹೆಣ್ಣುಮಕ್ಕಳಿಗೆ ಬರೆಯುವುದಕ್ಕಿಂತ ಈ ಕೇಳುವುದೇ ಕಷ್ಟವಾಗಿ ತೋರುತ್ತದೆ.

ಅರ್ಧ ಗಂಟೆಯಲ್ಲಿ ಏನಾದೀತು? ದಿನಕ್ಕೆ ಅರ್ಧ ಪುಟವಾದರೆ ಇಪ್ಪತ್ತು ದಿವಸಗಳಲ್ಲಿ ಹತ್ತು ಪುಟ, ಅಂದರೆ ಒಂದು ಸಣ್ಣ ಕತೆ. ಏಳುವಾಗ ಒಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟೇಳಿರಿ. ಮರುದಿನ ಎಲ್ಲಿಂದ ತೊಡಗಲೆಂಬ ತೊಡಕು ಇರದು. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಾದರೂ ಸಾಕು, ಕೇಳಿದ ಒಳ್ಳೆಯ ಮಾತನ್ನು ಆಗಲೇ ಗುರುತು ಹಾಕಿರಿ. ಮುಗಿದದ್ದನ್ನು ಗಟ್ಟಿಯಾಗಿ ಓದಿರಿ, ನಾಲಿಗೆ ತಡವರಿಸಿದಲ್ಲಿ ತಿದ್ದಿರಿ. ಒಂದು ಪ್ರತಿಯನ್ನು ಇಟ್ಟುಕೊಂಡೇ ಪತ್ರಿಕೆಗೆ ಕಳುಹಿಸಿರಿ.

ಹಿಂದೆ ಬಂದರೆ? ಜೇನ್ ಆಸ್ಟೆನಳ ಒಂದು ಕಾದಂಬರಿಯನ್ನು 1797ರಲ್ಲಿ ಆಕೆಯ ತಂದೆಯು ಒಬ್ಬ ಪ್ರಕಾಶಕನಿಗೆ ಸೂಚಿಸಲು, ಅವನು ಹಸ್ತಪ್ರತಿಯನ್ನು ನೋಡುವುದಕ್ಕೂ ಒಪ್ಪಲಿಲ್ಲ. ಆಕೆಯು ಅದನ್ನು ತಿದ್ದಿ ಬರೆದು 1813ರಲ್ಲಿ ಪ್ರಕಟಿಸಿದಳು. ಅದೇ "ಪ್ರೈಡ್ ಅಂಡ್ ಪ್ರೆಜುಡಿಸ್".

ನಮ್ಮ ನಾಡಿನಲ್ಲಿಯೂ ನೋಡಿರಿ. 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮನವರು ಮನೆಯನ್ನೂ ಮಗುವನ್ನೂ ನೋಡಿಕೊಳ್ಳುತ್ತಲೇ ಗಂಡನ ಹೆಸರಿನ ಮರೆಯಲ್ಲಿ ಕತೆಗಳನ್ನು ಬರೆದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರುಷ. "ಕಂಬನಿ", "ಚಿಗುರು" ಎಂಬ ಸಂಕಲನಗಳು ಹೊರಬಂದುದು ಆಮೇಲೆಯೇ. ಮಗು ದೊಡ್ಡದಾದ ಮೇಲೆ ಬರೆಯೋಣವೆಂದು ಅವರು ಕಾದಿದ್ದರೆ ನಮಗೆ ಒಂದು ಕತೆಯೂ ಸಿಕ್ಕುತ್ತಿರಲಿಲ್ಲ.

ಮೊನ್ನೆ ಆ ಹಳೆಯ ವಿದ್ಯಾರ್ಥಿನಿಯಿಂದ ಒಂದು ಲಕೋಟೆ ಬಂತು. ಒಳಗೆ ಆರು ಪುಟಗಳು. ನಾಲ್ಕನೆಯದರಲ್ಲಿ ಸಾರಿನ ಕಲೆ. ಕತೆಯು ಇನ್ನೂ ಮುಗಿದಿಲ್ಲ. ಅತ್ತೆಯವರು ದಿನವೂ, "ಇವತ್ತಿನದನ್ನು ಓದಮ್ಮಾ" ಎಂದು ಕೇಳುತ್ತಾರಂತೆ. ಮೂರು ಕಾಗುಣಿತದ ತಪ್ಪುಗಳನ್ನು ಕೆಂಪು ಮಸಿಯಿಂದ ಗುರುತಿಸಿ ನಾಳೆಯ ಅಂಚೆಗೆ ಹಾಕುತ್ತೇನೆ.