ಅಜ್ಜಿಯ ಹೆಗಲು, ಊರಿನ ಶಾಲೆ

ಬಡ ಮಗುವನ್ನು ಶಾಲೆಗೆ ಸೇರಿಸಿಕೊಂಡರೆ ಸಾಕೇ? ಉಗಾಂಡದ ನೈಋತ್ಯ ಭಾಗದ ನ್ಯಾಕಗ್ಯೇಜಿ ಹಳ್ಳಿಯ ಶಾಲೆಯೊಂದು ಇದಕ್ಕೆ ಉತ್ತರ ಕೊಡುತ್ತದೆ.

ಆ ಊರಿನ ಟ್ವೆಸಿಗ್ಯೆ ಜಾಕ್ಸನ್ ಕಗುರಿ ಅಮೆರಿಕದಲ್ಲಿ ನೆಲೆಸಿದ್ದರು. ಏಡ್ಸ್ ರೋಗಕ್ಕೆ 1996ರಲ್ಲಿ ಅವರ ಸಹೋದರ, ಬಳಿಕ ಸಹೋದರಿ ಬಲಿಯಾದರು. ಊರಿಗೆ ಬಂದಾಗ, ತಂದೆತಾಯಿಯಿಲ್ಲದ ಮಕ್ಕಳನ್ನು ವೃದ್ಧ ಅಜ್ಜಿಯರು ಸಾಕುತ್ತಿದ್ದುದನ್ನು ಕಂಡರು. ಮನೆ ಕೊಳ್ಳಲೆಂದು ದಂಪತಿಗಳು ಕೂಡಿಟ್ಟಿದ್ದ 5,000 ಡಾಲರ್ ಶಾಲೆಯ ಕಲ್ಲು, ಗಾರೆಯಾಯಿತು. 2003ರಲ್ಲಿ ಶಾಲೆ ತೆರೆಯಿತು.

ಉಗಾಂಡ ಸರಕಾರವು 1997ರಲ್ಲಿ ಪ್ರತಿ ಕುಟುಂಬದ ನಾಲ್ಕು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಶುಲ್ಕ ಮನ್ನಾ ಮಾಡಿತ್ತು. ಆದರೂ ಸಮವಸ್ತ್ರಕ್ಕೆ, ಪುಸ್ತಕಕ್ಕೆ ಹಣ ಬೇಕಿತ್ತು. ಹಸಿದ ಹೊಟ್ಟೆಗೆ ಪಾಠ ಹತ್ತದು. ಆದುದರಿಂದ ಈ ಶಾಲೆ ವಿದ್ಯೆಯೊಂದಿಗೆ ಬಟ್ಟೆ, ಪುಸ್ತಕ, ಊಟ, ಔಷಧವನ್ನೂ ಉಚಿತವಾಗಿ ಕೊಟ್ಟಿತು. ಮುಂದೆ ಅಜ್ಜಿಯರ ಗುಂಪುಗಳನ್ನು ಕಟ್ಟಿ ತರಬೇತಿ, ಸಣ್ಣ ಸಾಲ ಒದಗಿಸಲಾಯಿತು. ಅಜ್ಜಿ ಕುಸಿದರೆ ಮಗುವಿನ ಓದೂ ನಿಲ್ಲುತ್ತದೆಂಬ ತಿಳಿವಳಿಕೆ ಇದರ ಹಿಂದಿತ್ತು.

ಮನೆಯಲ್ಲಿ ಎಲ್ಲರೂ ಕುಳಿತು ಆಲೋಚಿಸೋಣ: ನಮ್ಮ ನೆರೆಯಲ್ಲಿ ಮೊಮ್ಮಕ್ಕಳನ್ನು ಒಬ್ಬಂಟಿಯಾಗಿ ಸಾಕುವ ಅಜ್ಜಿ ಇದ್ದಾರೆಯೇ? ಮಗುವಿಗೆ ಪುಸ್ತಕ ಕೊಡಿಸುವಾಗ, ಆ ಮನೆಯ ಒಲೆ ಉರಿಯುತ್ತಿದೆಯೇ ಎಂದೂ ವಿಚಾರಿಸೋಣ.